ಕಿತ್ತಳೆ ದ್ರಾವಣ ಒಣಗಿದರೆ ನೇರಳೆ ಆಗೋದ್ಯಾಕೆ?

ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ‘ಕಂಡಕ್ಟಿಂಗ್ ಪಾಲಿಮರ್’ ಅಂತ ಒಂದು ಟಾಪಿಕ್ ಇತ್ತಲ್ಲ, ನೆನಪಿದೆಯಾ? ಪಾಲಿಅನಿಲೀನ್ ರಚನೆ ಬಿಡಿಸಿ, ಡೋಪಿಂಗ್ ಮೆಕ್ಯಾನಿಸಂ ಬರೆದು, ಕೊನೆಗೆ ‘ಉಪಯೋಗಗಳು’ ಅಂತ ನಾಲ್ಕು ಪಾಯಿಂಟ್ ಹಾಕಿದ್ರೆ ಮಾರ್ಕ್ಸ್ ಗ್ಯಾರಂಟಿ. ನಾವೂ ಹಾಗೇ ಬರೆದು ಪಾಸಾದವರು. ಆ ಪಾಲಿಮರ್ ನೋಡೋಕೆ ಯಾವ ಬಣ್ಣದಲ್ಲಿರುತ್ತೆ ಅಂತ ಯಾರಾದರೂ ಕೇಳಿದ್ದರೆ ನಮ್ಮ ಮೂವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಈ ಸಲ ಮಿನಿ ಪ್ರಾಜೆಕ್ಟಿಗೆ ಮೇಡಂ ನಮ್ಮ ಕೈಗೆ ಒಂದು ಪುಟ್ಟ ಬಾಟಲಿ ಕೊಟ್ಟರು. ಒಳಗೆ ಕೆಲವೇ ಮಿಲಿಗ್ರಾಂ ಕಪ್ಪು ಪುಡಿ. ಹೆಸರು ಪಾಲಿ-3-ಹೆಕ್ಸೈಲ್‌ಥಯೋಫೀನ್, ಚಿಕ್ಕದಾಗಿ ಪಿ3ಎಚ್‌ಟಿ. ಫ್ಯೂಮ್ ಹುಡ್ ಒಳಗೆ ಕ್ಲೋರೋಫಾರ್ಮಿನಲ್ಲಿ ಕರಗಿಸಿದಾಗ ಫ್ಯಾಂಟಾ ತರಹದ ಕಿತ್ತಳೆ ಬಣ್ಣ ಬಂತು. ಅದರ ಎರಡು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ ಬಿಟ್ಟೆವು. ಕ್ಲೋರೋಫಾರ್ಮ್ ಆರುತ್ತಿದ್ದ ಹಾಗೆ ಅಂಚಿನಿಂದ ಶುರುವಾಗಿ ಕಿತ್ತಳೆ ಹೋಗಿ ನೇರಳೆ ಬಂತು! ಮೊದಲು ನಮಗೆ ಗಾಬರಿ. ಇಷ್ಟು ದುಬಾರಿ ಪುಡಿ, ಕೆಡಿಸಿಬಿಟ್ಟೆವಾ ಅಂತ. ಸ್ಲೈಡ್ ಮೇಲೆ ಮತ್ತೆ ಕ್ಲೋರೋಫಾರ್ಮ್ ಬಿಟ್ಟರೆ ಪುನಃ ಕಿತ್ತಳೆ. ಅಂದರೆ ಯಾವ ಕೆಮಿಕಲ್ ರಿಯಾಕ್ಷನ್ನೂ ಆಗಿಲ್ಲ. ಅದೇ ಅಣು, ಅದೇ ಬಂಧಗಳು, ಬಣ್ಣ ಮಾತ್ರ ಬೇರೆ. ಹೇಗೆ?

ಈ ಒಂದು ಪ್ರಶ್ನೆಯ ಹಿಂದೆ ಹೋಗಿ ನಾವು ಕಲಿತದ್ದನ್ನು ಇಲ್ಲಿ ಹೇಳ್ತಾ ಇದ್ದೇವೆ. ಸ್ಕೂಲಿನಿಂದ ಸೈನ್ಸ್ ಎಲ್ಲಾ ಇಂಗ್ಲಿಷಿನಲ್ಲೇ ಓದಿದವರು ನಾವು. ಕನ್ನಡದಲ್ಲಿ ಬರೆಯೋಕೆ ಕೂತಾಗ ಅರ್ಥವಾಗದ ವಾಕ್ಯವನ್ನು ದೊಡ್ಡ ಪದಗಳ ಹಿಂದೆ ಅಡಗಿಸೋಕೆ ಆಗಲಿಲ್ಲ. ಅದೂ ಒಳ್ಳೆಯದೇ ಆಯ್ತು.

ಅಡುಗೆಮನೆಯಿಂದ ಶುರು ಮಾಡೋಣ

ಕಾರ್ಬನ್ ಸರಪಳಿಯಲ್ಲಿ ಒಂದು ಸಿಂಗಲ್ ಬಾಂಡ್, ಒಂದು ಡಬಲ್ ಬಾಂಡ್, ಮತ್ತೆ ಸಿಂಗಲ್, ಮತ್ತೆ ಡಬಲ್, ಹೀಗೆ ಒಂದು ಬಿಟ್ಟು ಒಂದು ಬಂದರೆ ಅದನ್ನು ಕಾಂಜುಗೇಟೆಡ್ ಅಂತಾರೆ. ಇಂಥ ಸರಪಳಿಯಲ್ಲಿ ಡಬಲ್ ಬಾಂಡಿನ ಪೈ ಎಲೆಕ್ಟ್ರಾನುಗಳು ತಮ್ಮ ಜಾಗದಲ್ಲೇ ಕೂತಿರಲ್ಲ, ಸರಪಳಿ ಉದ್ದಕ್ಕೂ ಹರಡಿಕೊಳ್ಳುತ್ತವೆ.

ಹರಡಿಕೊಂಡರೆ ಏನಾಗುತ್ತೆ? ಫಿಸಿಕ್ಸಿನಲ್ಲಿ ‘ಡಬ್ಬದೊಳಗಿನ ಕಣ’ದ ಲೆಕ್ಕ ಮಾಡಿದ್ದೀವಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರುತ್ತೆ. ಡಬ್ಬ ಉದ್ದವಾದಷ್ಟೂ ಶಕ್ತಿಯ ಮೆಟ್ಟಿಲುಗಳು ಹತ್ತಿರ ಬರುತ್ತವೆ. ಮೆಟ್ಟಿಲು ಹತ್ತಿರವಾದರೆ ಎಲೆಕ್ಟ್ರಾನನ್ನು ಮೇಲಕ್ಕೆ ಏರಿಸೋಕೆ ಕಡಿಮೆ ಶಕ್ತಿ, ಅಂದರೆ ಹೆಚ್ಚು ತರಂಗಾಂತರದ ಬೆಳಕು ಸಾಕು. ನಿಜವಾದ ಅಂಕಿಗಳನ್ನೇ ನೋಡಿ: ಒಂದೇ ಡಬಲ್ ಬಾಂಡ್ ಇರುವ ಎಥಿಲೀನ್ 170 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ. ಎರಡು ಇರುವ ಬ್ಯುಟಡೈಈನ್ 217ರಲ್ಲಿ, ಮೂರು ಇರುವ ಹೆಕ್ಸಟ್ರೈಈನ್ 258ರಲ್ಲಿ. ಇವೆಲ್ಲ ಅಲ್ಟ್ರಾವಯೊಲೆಟ್ ಆದ್ದರಿಂದ ನಮ್ಮ ಕಣ್ಣಿಗೆ ಬಣ್ಣವೇ ಇಲ್ಲ. ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್‌ನಲ್ಲಿ ಸಾಲಾಗಿ 11 ಡಬಲ್ ಬಾಂಡುಗಳಿವೆ. ಅದು 450ರ ಹತ್ತಿರ, ಅಂದರೆ ನೀಲಿ ಬೆಳಕನ್ನು ಹೀರುತ್ತದೆ. ನೀಲಿ ಹೋದ ಮೇಲೆ ಉಳಿದದ್ದು ನಮಗೆ ಕಿತ್ತಳೆಯಾಗಿ ಕಾಣುತ್ತದೆ.

ಈಗ ಟೊಮೆಟೊ ತಗೊಳ್ಳಿ. ಅದರ ಲೈಕೋಪೀನ್‌ನಲ್ಲೂ ಸಾಲಾಗಿ 11 ಡಬಲ್ ಬಾಂಡುಗಳೇ! ಆದರೆ ಟೊಮೆಟೊ ಕೆಂಪು, ಅದು ಹೀರುವುದು 470ರ ಆಸುಪಾಸಿನಲ್ಲಿ. ಲೆಕ್ಕ ಒಂದೇ ಆದರೂ ಬಣ್ಣ ಯಾಕೆ ಬೇರೆ? ಬೀಟಾ ಕ್ಯಾರೋಟಿನ್‌ನ ಎರಡೂ ತುದಿಯ ಡಬಲ್ ಬಾಂಡುಗಳು ಉಂಗುರಗಳ ಒಳಗಿವೆ, ಆ ಉಂಗುರಗಳು ಸರಪಳಿಯ ಸಮತಲದಿಂದ ತಿರುಚಿಕೊಂಡಿವೆ. ತಿರುಚಿದ ಜಾಗದಲ್ಲಿ ಪಕ್ಕಪಕ್ಕದ ಪೈ ಆರ್ಬಿಟಲ್‌ಗಳು ಸರಿಯಾಗಿ ಕೈ ಹಿಡಿಯೋಕೆ ಆಗಲ್ಲ, ಎಲೆಕ್ಟ್ರಾನ್ ಅಲ್ಲಿ ತಡವರಿಸುತ್ತದೆ. ಡಬ್ಬದ ಉದ್ದ ಒಂಚೂರು ಕಮ್ಮಿಯಾದ ಹಾಗೆ. ಲೈಕೋಪೀನ್‌ನ ಸಾಲು ನೇರವಾಗಿದೆ, ತಿರುಚು ಇಲ್ಲ.

ನಮ್ಮ ನೇರಳೆ ಸ್ಲೈಡಿನ ಗುಟ್ಟೂ ಇಲ್ಲೇ ಇದೆ. ಎಷ್ಟು ಡಬಲ್ ಬಾಂಡ್ ಇವೆ ಅನ್ನುವುದರ ಜೊತೆಗೆ, ಅವು ಎಷ್ಟು ಚಪ್ಪಟೆಯಾಗಿ ಸಾಲಾಗಿ ನಿಂತಿವೆ ಅನ್ನುವುದೂ ಬಣ್ಣವನ್ನು ತೀರ್ಮಾನಿಸುತ್ತೆ.

ಹಾಗಾದರೆ ತುಂಬಾ ಉದ್ದದ ಸರಪಳಿ ಲೋಹ ಆಗಬೇಕಲ್ವಾ?

ನಮಗೂ ಇದೇ ಡೌಟು ಬಂತು. ಡಬ್ಬ ಉದ್ದ ಮಾಡ್ತಾ ಹೋದರೆ ಮೆಟ್ಟಿಲಿನ ಅಂತರ ಸೊನ್ನೆಗೆ ಬಂದು ಪಾಲಿಮರ್ ತಂತಿಯ ಹಾಗೆ ಕರೆಂಟ್ ಹರಿಸಬೇಕು. ಹಾಗಾಗಲ್ಲ. ಎಲ್ಲಾ ಬಂಧಗಳೂ ಸಮ ಉದ್ದದಲ್ಲಿರುವ ಒಂದು ಆಯಾಮದ ಸರಪಳಿ ಸ್ಥಿರವಾಗಿ ನಿಲ್ಲೋದಿಲ್ಲ ಅಂತ ರುಡಾಲ್ಫ್ ಪೈಯರ್ಲ್ಸ್ ತೋರಿಸಿದ್ದರು. ಒಂದು ಗಿಡ್ಡ, ಒಂದು ಉದ್ದ ಅಂತ ಬಂಧಗಳು ತಾವೇ ಜೋಡಿಯಾಗುತ್ತವೆ, ಹಾಗೆ ಜೋಡಿಯಾದ ಕೂಡಲೇ ಒಂದು ಬ್ಯಾಂಡ್ ಗ್ಯಾಪ್ ತೆರೆದುಕೊಳ್ಳುತ್ತದೆ. ಅತ್ಯಂತ ಸರಳ ಕಾಂಜುಗೇಟೆಡ್ ಪಾಲಿಮರ್ ಆದ ಪಾಲಿಅಸಿಟಿಲೀನ್‌ನಲ್ಲಿ ಈ ಗ್ಯಾಪ್ ಸುಮಾರು 1.5 ಎಲೆಕ್ಟ್ರಾನ್ ವೋಲ್ಟ್. ಅಂದರೆ ಅದು ಲೋಹವಲ್ಲ, ಸೆಮಿಕಂಡಕ್ಟರ್.

ಈ ಪಾಲಿಅಸಿಟಿಲೀನ್ ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ: 1967ರಲ್ಲಿ ಟೋಕಿಯೊದಲ್ಲಿ ಹಿಡೆಕಿ ಶಿರಾಕಾವಾ ಅವರ ಲ್ಯಾಬಿನಲ್ಲಿ ಕ್ಯಾಟಲಿಸ್ಟ್ ಪ್ರಮಾಣ ತಪ್ಪಾಗಿ ಸಾವಿರ ಪಟ್ಟು ಹೆಚ್ಚು ಬಿತ್ತು. ಕಪ್ಪು ಪುಡಿ ಬರಬೇಕಿದ್ದ ಕಡೆ ಬೆಳ್ಳಿಯ ಹಾಗೆ ಹೊಳೆಯುವ ಹಾಳೆ ಬಂತು. ಮುಂದೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಲನ್ ಮ್ಯಾಕ್‌ಡಿಯರ್ಮಿಡ್, ಅಲನ್ ಹೀಗರ್ ಜೊತೆ ಸೇರಿ ಆ ಹಾಳೆಗೆ ಅಯೋಡಿನ್ ಆವಿ ತಗುಲಿಸಿದಾಗ ಅದರ ವಾಹಕತೆ ಸುಮಾರು ಒಂದು ಕೋಟಿ ಪಟ್ಟು ಏರಿತು. 1977ರಲ್ಲಿ ಅದು ಪ್ರಕಟವಾಯಿತು, 2000ನೇ ಇಸವಿಯ ಕೆಮಿಸ್ಟ್ರಿ ನೊಬೆಲ್ ಮೂವರಿಗೂ ಬಂತು. 1990ರಲ್ಲಿ ಕೇಂಬ್ರಿಜ್‌ನಲ್ಲಿ ರಿಚರ್ಡ್ ಫ್ರೆಂಡ್ ಅವರ ತಂಡ ಪಿಪಿವಿ ಅನ್ನುವ ಇನ್ನೊಂದು ಪಾಲಿಮರ್ ಹಾಳೆಗೆ ವೋಲ್ಟೇಜ್ ಕೊಟ್ಟು ಹಸಿರು-ಹಳದಿ ಬೆಳಕು ಬರಿಸಿತು. ಪ್ಲಾಸ್ಟಿಕ್ಕಿನಿಂದ ಎಲ್‌ಇಡಿ!

ಮೆಷಿನ್ ಮುಂದೆ ನಾವು ಮಾಡಿದ ಎಡವಟ್ಟುಗಳು

ಕಣ್ಣಿಗೆ ಕಂಡ ಕಿತ್ತಳೆ, ನೇರಳೆಯನ್ನು ಅಂಕಿ ಮಾಡೋದೇ ಸ್ಪೆಕ್ಟ್ರೋಸ್ಕೋಪಿ. ಯುವಿ-ವಿಸಿಬಲ್ ಮೆಷಿನ್ ಒಂದೊಂದೇ ತರಂಗಾಂತರದ ಬೆಳಕನ್ನು ಸ್ಯಾಂಪಲ್ ಮೂಲಕ ಕಳಿಸಿ ಎಷ್ಟು ಹೊರಬಂತು ಅಂತ ನೋಡುತ್ತದೆ. ಅಷ್ಟೇ ಕೆಲಸ.

ನಮ್ಮ ಮೊದಲ ಸ್ಪೆಕ್ಟ್ರಮ್‌ನ ತಲೆ ಬೋಳಾಗಿತ್ತು. ಶಿಖರ ಇರಬೇಕಾದ ಕಡೆ ಮೈದಾನ. ಯಾಕೆ ಅಂದರೆ ಅಬ್ಸಾರ್ಬೆನ್ಸ್ ಒಂದು ಲಾಗ್ ಅಳತೆ: 1 ಅಂದರೆ 10 ಶೇಕಡಾ ಬೆಳಕು ಹೊರಬರುತ್ತೆ, 2 ಅಂದರೆ 1 ಶೇಕಡಾ, 3 ಅಂದರೆ 0.1 ಶೇಕಡಾ. ನಾವು ದ್ರಾವಣವನ್ನು ಕಷಾಯದ ಹಾಗೆ ಗಟ್ಟಿ ಮಾಡಿದ್ದೆವು. ಡಿಟೆಕ್ಟರಿಗೆ ಬೆಳಕೇ ತಲುಪದಿದ್ದರೆ ಅದು ಏನನ್ನು ಅಳೆಯಬೇಕು ಪಾಪ! ತೆಳು ಮಾಡಿ, ಶಿಖರ 1ಕ್ಕಿಂತ ಕೆಳಗೆ ಬರೋ ಹಾಗೆ ಮಾಡಿಕೊಂಡ ಮೇಲೆ 450 ನ್ಯಾನೋಮೀಟರ್ ಹತ್ತಿರ ಒಂದು ಅಗಲವಾದ ನುಣುಪು ಗುಡ್ಡ ಬಂತು. ಕ್ಯಾರೆಟ್ಟಿನ ಜಾಗವೇ. ಬಣ್ಣವೂ ಅದೇ ಕಿತ್ತಳೆ.

ಆಮೇಲೆ ಫಿಲ್ಮ್ ಇಟ್ಟೆವು. ಗುಡ್ಡ ಪೂರ್ತಿ ಬಲಕ್ಕೆ ಜರುಗಿ ಹಸಿರು-ಹಳದಿ ಬೆಳಕಿನ ಜಾಗಕ್ಕೆ ಬಂದಿತ್ತು. ಹಸಿರು ಹೀರಿದರೆ ಉಳಿಯೋದು ನೇರಳೆ, ಸರಿಯೇ. ಆದರೆ ಗುಡ್ಡ ನುಣುಪಾಗಿರಲಿಲ್ಲ. 515ರ ಹತ್ತಿರ ಒಂದು ಉಬ್ಬು, 555ರಲ್ಲಿ ಇನ್ನೊಂದು, 605ರಲ್ಲಿ ಒಂದು ಸಣ್ಣ ಭುಜ. ಪುಸ್ತಕದಲ್ಲಿ ನೋಡಿದ್ದ ಒಂದೇ ಶಿಖರದ ಚಿತ್ರಕ್ಕೂ ಇದಕ್ಕೂ ಹೊಂದಾಣಿಕೆಯೇ ಇಲ್ಲ. ಸ್ಲೈಡಿಗೆ ಗೀರು ಬಿದ್ದಿರಬೇಕು, ಇಲ್ಲಾ ಕೈ ಬೆರಳಿನ ಗುರುತು ಅಂದುಕೊಂಡೆವು. ರಿಪೋರ್ಟ್ ಕೊಡೋಕೆ ಎರಡೇ ದಿನ ಇತ್ತು. ಸಾಫ್ಟ್‌ವೇರಿನಲ್ಲಿ ‘ಸ್ಮೂದ್’ ಅನ್ನುವ ಬಟನ್ ಇತ್ತು. ಒತ್ತಿದೆವು. ಸಾಲಲಿಲ್ಲ ಅಂತ ಇನ್ನೂ ಜಾಸ್ತಿ ಒತ್ತಿದೆವು. ಚೆಂದದ ಒಂದು ಗುಡ್ಡ ಸಿಕ್ಕಿತು, ಪ್ರಿಂಟೂ ತೆಗೆದೆವು.

ಮೇಡಂ ಪ್ರಿಂಟ್ ನೋಡಿದರು, ಮೆಷಿನ್ ಹತ್ತಿರ ಹೋಗಿ ಮೂಲ ಫೈಲ್ ತೆರೆದರು. “ಆ ಭುಜ ಎಲ್ಲಿಗೆ ಹೋಯ್ತು?” ನಾವು ಗಪ್‌ಚಿಪ್. “ಡೇಟಾಗೆ ಇಸ್ತ್ರಿ ಹಾಕಬೇಡ್ರಪ್ಪಾ. ನೀವು ಉಜ್ಜಿ ಹಾಕಿದ್ದೀರಲ್ಲ, ಅದರಲ್ಲೇ ಇದ್ದಿದ್ದು ನಿಮ್ಮ ಪ್ರಾಜೆಕ್ಟು” ಅಂದರು. ಬೈದಿದ್ದರೂ ಇಷ್ಟು ನಾಚಿಕೆ ಆಗ್ತಿರಲಿಲ್ಲ.

ಟಿಕೆಟ್ ಜೊತೆ ಲಗೇಜ್

ಆ ಉಬ್ಬುಗಳು ಏನು ಹೇಳುತ್ತಿದ್ದವು? ತರಂಗಾಂತರವನ್ನು ಶಕ್ತಿಗೆ ಬದಲಿಸಿ ನೋಡಿ. 1240ನ್ನು ನ್ಯಾನೋಮೀಟರಿನಿಂದ ಭಾಗಿಸಿದರೆ ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ. 605ಕ್ಕೆ 2.05, 555ಕ್ಕೆ 2.23, 515ಕ್ಕೆ 2.41. ಪ್ರತಿ ಸಲವೂ ಅಂತರ 0.18! ಗೀರು ಬಿದ್ದ ಸ್ಲೈಡ್ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಒಪ್ಪಿಸುತ್ತಾ?

ಬಸ್ಸಿಗೆ ಹೋಲಿಸಿ ಹೇಳ್ತೀವಿ. ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹೋಗೋಕೆ ಟಿಕೆಟ್ ದರ 2.05. ಆದರೆ ಎಲೆಕ್ಟ್ರಾನ್ ಏರಿದ ಕೂಡಲೇ ಸರಪಳಿಯ ಬಂಧಗಳ ಉದ್ದವೂ ಸ್ವಲ್ಪ ಬದಲಾಗಬೇಕು, ಹಾಗಾಗಿ ಬಂಧಗಳು ಕಂಪಿಸೋಕೆ ಶುರು ಮಾಡುತ್ತವೆ. ಕಂಪನವೂ ಇಡಿ ಇಡಿ ಪೊಟ್ಟಣಗಳಲ್ಲೇ ಬರುತ್ತದೆ, ಅರ್ಧ ಪೊಟ್ಟಣ ಸಿಗಲ್ಲ. ಒಂದೊಂದು ಪೊಟ್ಟಣಕ್ಕೂ ಲಗೇಜ್ ಚಾರ್ಜ್ 0.18. ಬರಿಗೈಲಿ ಹೋದ ಎಲೆಕ್ಟ್ರಾನ್ 605ರಲ್ಲಿ ಕಾಣುತ್ತದೆ, ಒಂದು ಚೀಲ ಹಿಡಿದದ್ದು 555ರಲ್ಲಿ, ಎರಡು ಹಿಡಿದದ್ದು 515ರಲ್ಲಿ.

ಕಂಪಿಸುತ್ತಿರುವುದು ಯಾವ ಬಂಧ? ಇದನ್ನು ಕೇಳೋಕೆ ಇನ್ನೊಂದು ದಾರಿ ಇದೆ, ರಾಮನ್ ಸ್ಪೆಕ್ಟ್ರೋಸ್ಕೋಪಿ. ಪಿ3ಎಚ್‌ಟಿಯ ರಾಮನ್ ಸ್ಪೆಕ್ಟ್ರಮ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಪ್ರತಿ ಸೆಂಟಿಮೀಟರಿಗೆ ಸುಮಾರು 1450 ಇರುವಲ್ಲಿ ಬರುತ್ತದೆ, ಅದು ಉಂಗುರದ ಕಾರ್ಬನ್-ಕಾರ್ಬನ್ ಡಬಲ್ ಬಾಂಡಿನ ಕಂಪನ. ಒಂದು ಎಲೆಕ್ಟ್ರಾನ್ ವೋಲ್ಟ್ ಅಂದರೆ 8065. ನಮ್ಮ 0.18ನ್ನು ಅದರಿಂದ ಗುಣಿಸಿದರೆ 1452. ಕ್ಯಾಲ್ಕುಲೇಟರ್ ನೋಡಿ ಮೂವರೂ ಒಟ್ಟಿಗೆ “ಅಯ್ಯೋ!” ಅಂದೆವು. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡದ್ದನ್ನು ನಾವು ವಿಜ್ಞಾನ ದಿನ ಅಂತ ಪೋಸ್ಟರ್ ಹಚ್ಚಿ ಆಚರಿಸ್ತೀವಿ. 1933ರಲ್ಲಿ ಅವರು ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿದವರು. ನಾವು ಉಜ್ಜಿ ಹಾಕಿದ ಉಬ್ಬಿನ ಅಂತರ ಅವರ ಹೆಸರಿನ ಶಿಖರದ ಜೊತೆ ಕೂಡಿಬಂದ ಆ ಕ್ಷಣದಿಂದ ನಮಗೆ ಅದು ಬರೀ ಪೋಸ್ಟರ್ ಅಲ್ಲ.

ದ್ರಾವಣದಲ್ಲಿ ಈ ಉಬ್ಬುಗಳು ಯಾಕೆ ಇರಲಿಲ್ಲ? ಕ್ಲೋರೋಫಾರ್ಮಿನಲ್ಲಿ ಸರಪಳಿ ಸಡಿಲವಾಗಿ ತೇಲುತ್ತಿರುತ್ತದೆ. ಒಂದೊಂದು ಉಂಗುರವೂ ಪಕ್ಕದ್ದರ ಜೊತೆ ಒಂದೊಂದು ಕೋನದಲ್ಲಿ ತಿರುಚಿಕೊಂಡಿರುತ್ತದೆ. ಹಾಗಾಗಿ ಉದ್ದ ಸರಪಳಿ ಇದ್ದರೂ ಎಲೆಕ್ಟ್ರಾನಿಗೆ ಸಿಗೋದು ಗಿಡ್ಡ ಗಿಡ್ಡ ತುಂಡುಗಳು. ಪ್ರತಿ ತುಂಡಿನ ಟಿಕೆಟ್ ದರವೂ ಬೇರೆ, ಎಲ್ಲಾ ಸೇರಿ ಒಂದು ಮಸುಕು ಗುಡ್ಡ. ಒಣಗುವಾಗ ಪಕ್ಕದ ಹೆಕ್ಸೈಲ್ ಬಾಲಗಳು ಒಂದಕ್ಕೊಂದು ಹೊಂದಿಕೊಂಡು ಕೂರುತ್ತವೆ, ಉಂಗುರಗಳು ಚಪ್ಪಟೆಯಾಗುತ್ತವೆ, ಸರಪಳಿಗಳು ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ ಸುಮಾರು 0.38 ನ್ಯಾನೋಮೀಟರ್ ಅಂತರದಲ್ಲಿ ಜೋಡಿಸಿಕೊಳ್ಳುತ್ತವೆ. ಡಬ್ಬ ಉದ್ದವಾಯ್ತು, ಬಣ್ಣ ನೇರಳೆಯಾಯ್ತು. ಕಿತ್ತಳೆ ದ್ರಾವಣಕ್ಕೆ ಈ ಪಾಲಿಮರನ್ನು ಕರಗಿಸಲಾಗದ ಮೆಥನಾಲ್ ಸೇರಿಸ್ತಾ ಹೋದರೂ ಇದೇ ಆಗುತ್ತದೆ. ತದ್ವಿರುದ್ಧವಾಗಿ, ಫಿಲ್ಮನ್ನು ಚೆನ್ನಾಗಿ ಕಾಯಿಸಿದರೆ ಉಂಗುರಗಳು ಮತ್ತೆ ತಿರುಚಿಕೊಂಡು ಬಣ್ಣ ಹಳದಿ ಕಡೆಗೆ ಜಾರುತ್ತದೆ.

ಭುಜದ ಎತ್ತರ

ಇನ್ನೂ ಒಂದು ಮಾತು ಆ ಭುಜದಲ್ಲಿತ್ತು. ಪಿ3ಎಚ್‌ಟಿ ಸರಪಳಿ ಚಪ್ಪಟೆಯಾಗಿ ಒಂಟಿಯಾಗಿದ್ದರೆ 605ರ ಉಬ್ಬು ಮತ್ತು 555ರ ಉಬ್ಬು ಹೆಚ್ಚೂಕಡಿಮೆ ಸಮ ಎತ್ತರ ಇರಬೇಕು. ಸರಪಳಿಗಳು ಪಕ್ಕಪಕ್ಕ ಪೇರಿಸಿಕೊಂಡಾಗ ಮೇಲೇರಿದ ಶಕ್ತಿ ಒಂದೇ ಸರಪಳಿಯ ಸ್ವತ್ತಲ್ಲ, ಅಕ್ಕಪಕ್ಕದವರೂ ಹಂಚಿಕೊಳ್ಳುತ್ತಾರೆ. ಈ ಹಂಚಿಕೆ ಬಲವಾದಷ್ಟೂ 605ರ ಭುಜ ಕುಗ್ಗುತ್ತದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಸ್ಪಾನೊ 2005ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು. ಹಂಚಿಕೆಯ ಶಕ್ತಿಯನ್ನು 0.18ರಿಂದ ಭಾಗಿಸಿದ ಸಂಖ್ಯೆಗೆ ‘ಕ’ ಅನ್ನೋಣ. (1 − 0.24ಕ) ÷ (1 + 0.073ಕ), ಇದರ ವರ್ಗವೇ ಎರಡು ಉಬ್ಬುಗಳ ಎತ್ತರದ ಅನುಪಾತ.

ನಮ್ಮ ಬೇಗ ಒಣಗಿದ ಫಿಲ್ಮಿನಲ್ಲಿ ಅನುಪಾತ 0.6 ಬಂತು. ಅದರಿಂದ ‘ಕ’ 0.76, ಹಂಚಿಕೆಯ ಶಕ್ತಿ ಸುಮಾರು 0.14 ಎಲೆಕ್ಟ್ರಾನ್ ವೋಲ್ಟ್. ಇನ್ನೊಂದು ಸ್ಲೈಡಿನ ಮೇಲೆ ಪೆಟ್ರಿ ಡಿಶ್ ಕವುಚಿ ಹಾಕಿ ನಿಧಾನವಾಗಿ ಒಣಗಿಸಿದೆವು. ಅನುಪಾತ 0.7, ಶಕ್ತಿ ಸುಮಾರು 0.10. ಸರಪಳಿಯ ಚಪ್ಪಟೆ ಭಾಗ ಉದ್ದವಾದಾಗ ಪಕ್ಕದವರ ಜೊತೆಗಿನ ಹಂಚಿಕೆ ಕಮ್ಮಿಯಾಗುತ್ತದೆ. ಹಾಗಾಗಿ ನಿಧಾನಕ್ಕೆ ಒಣಗಿದ ಫಿಲ್ಮಿನಲ್ಲಿ ಸರಪಳಿಗಳಿಗೆ ನೆಟ್ಟಗೆ ಕೂರೋಕೆ ಟೈಮ್ ಸಿಕ್ಕಿದೆ ಅಂತ ಅರ್ಥ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ, ಎಕ್ಸ್‌ರೇ ಇಲ್ಲ. ಒಂದು ಭುಜದ ಎತ್ತರದಿಂದ ಒಳಗಿನ ಜೋಡಣೆಯ ಸುಳಿವು!

ಒಂದು ಎಚ್ಚರಿಕೆ ಮಾತ್ರ. ಫಿಲ್ಮ್ ಬೆಳಕನ್ನು ಹೀರುವುದರ ಜೊತೆ ಚದುರಿಸುತ್ತದೆ ಕೂಡ. 700 ನ್ಯಾನೋಮೀಟರ್ ದಾಟಿದ ಮೇಲೆ ಪಿ3ಎಚ್‌ಟಿ ಏನನ್ನೂ ಹೀರಬಾರದು, ಆದರೂ ನಮ್ಮ ಗೆರೆ ಸೊನ್ನೆಗೆ ಇಳಿದಿರಲಿಲ್ಲ. ಅದನ್ನು ಕಳೆಯದೆ ಅನುಪಾತ ತೆಗೆದರೆ ಭುಜ ಸುಳ್ಳೇ ಎತ್ತರವಾಗಿ ಕಾಣುತ್ತೆ. ಹಾಗಂತ ಎಷ್ಟು ಕಳೆದೆವು ಅಂತ ರಿಪೋರ್ಟಿನಲ್ಲಿ ಬರೆದೇ ಕಳೆದೆವು. ಅಷ್ಟು ಬುದ್ಧಿ ಬಂದಿತ್ತು.

ಹೀರಿದ ಬೆಳಕು ಎಲ್ಲಿಗೆ ಹೋಗುತ್ತೆ?

ಕಿತ್ತಳೆ ದ್ರಾವಣಕ್ಕೆ ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಅದು ತಾನೇ ಬೆಳಗುತ್ತದೆ. ಇದು ಫೋಟೋಲ್ಯೂಮಿನೆಸೆನ್ಸ್. ಹೊರಬರುವ ಬೆಳಕು ಯಾವಾಗಲೂ ಹೀರಿದ್ದಕ್ಕಿಂತ ಕೆಂಪು ಕಡೆಗೇ ಇರುತ್ತದೆ, ಯಾಕಂದ್ರೆ ಮೇಲೇರಿದ ಶಕ್ತಿ ಅಲ್ಲೇ ನಿಲ್ಲಲ್ಲ. ಗದ್ದೆಗೆ ಬಿಟ್ಟ ನೀರು ತಗ್ಗಿನ ಕಡೆ ಹರಿಯುವ ಹಾಗೆ, ಸರಪಳಿಯ ಗಿಡ್ಡ ತುಂಡಿನಿಂದ ಉದ್ದ ತುಂಡಿಗೆ ಜಾರಿ, ಎಲ್ಲಕ್ಕಿಂತ ಕಡಿಮೆ ಶಕ್ತಿಯ ಜಾಗ ತಲುಪಿ ಅಲ್ಲಿಂದ ಬೆಳಕಾಗಿ ಹೊರಬರುತ್ತದೆ. ಇದೆಲ್ಲ ಒಂದು ನ್ಯಾನೋಸೆಕೆಂಡಿನ ಒಳಗೇ ಮುಗಿಯುತ್ತದೆ. ಫಿಲ್ಮಿಗೆ ಅದೇ ಟಾರ್ಚ್ ಹಿಡಿದರೆ ಬೆಳಕು ತುಂಬಾ ಮಂಕು. ಪೇರಿಸಿಕೊಂಡ ಸರಪಳಿಗಳಲ್ಲಿ ಬೆಳಕಾಗಿ ಹೊರಬರುವ ದಾರಿ ಕಿರಿದಾಗುತ್ತದೆ, ಹೆಚ್ಚಿನ ಶಕ್ತಿ ಶಾಖವಾಗಿ ಹೋಗುತ್ತದೆ.

ಬೆಳಗದಿರೋದೂ ಒಂದು ಉಪಯೋಗವೇ. 1992ರಲ್ಲಿ ಸರಿಸಿಫ್ಟ್ಸಿ, ಹೀಗರ್ ಮತ್ತು ಸಂಗಡಿಗರು ಪಿಪಿವಿ ಜಾತಿಯ ಪಾಲಿಮರಿಗೆ ಫುಲರೀನ್ ಬೆರೆಸಿದಾಗ ಬೆಳಕು ಹೆಚ್ಚೂಕಡಿಮೆ ಆರಿಯೇ ಹೋಯಿತು. ಪಾಲಿಮರಿನ ಎಲೆಕ್ಟ್ರಾನನ್ನು ಫುಲರೀನ್ ಕಸಿದುಕೊಂಡಿತ್ತು. ಎಲೆಕ್ಟ್ರಾನ್ ಒಂದು ಕಡೆ, ಅದು ಬಿಟ್ಟ ಜಾಗ ಇನ್ನೊಂದು ಕಡೆ ಅಂದರೆ ಅದೇ ಸೋಲಾರ್ ಸೆಲ್! ತೊಡಕು ಏನಂದ್ರೆ, ಮೇಲೇರಿದ ಶಕ್ತಿ ಸಾಯುವ ಮೊದಲು ಸುಮಾರು 10 ನ್ಯಾನೋಮೀಟರ್ ಅಷ್ಟೇ ನಡೆಯಬಲ್ಲದು. ಅಷ್ಟರೊಳಗೆ ಫುಲರೀನ್ ಸಿಗಬೇಕು. ಹಾಗಾಗಿ ಒಣಗಿಸುವ ಸ್ಪೀಡು, ಸರಪಳಿಗಳ ಜೋಡಣೆ, ಎರಡರ ಬೆರಕೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2005ರ ಹೊತ್ತಿಗೆ ಪಿ3ಎಚ್‌ಟಿ-ಫುಲರೀನ್ ಸೆಲ್‌ಗಳ ದಕ್ಷತೆ 5 ಶೇಕಡಾ ಆಸುಪಾಸಿಗೆ ಬಂದಿತ್ತು. ಈಗ ಹೊಸ ಅಣುಗಳಿಂದ ಲ್ಯಾಬ್‌ಗಳಲ್ಲಿ 18 ಶೇಕಡಾ ದಾಟಿದೆ.

ಇನ್ನು ನಮ್ಮ ಹಳೇ ಗೆಳೆಯ ಪಾಲಿಅನಿಲೀನ್. ಎಮೆರಾಲ್ಡಿನ್ ಬೇಸ್ ನೀಲಿ, ಅದಕ್ಕೆ ಆಸಿಡ್ ಹಾಕಿದರೆ ಹಸಿರು. ಸ್ಪೆಕ್ಟ್ರಮ್‌ನಲ್ಲಿ 600ರ ಹತ್ತಿರದ ಶಿಖರ ಕರಗಿ 430 ಮತ್ತು 800ರ ಆಸುಪಾಸಿನಲ್ಲಿ ಹೊಸವು ಏಳುತ್ತವೆ. ಡೋಪಿಂಗ್ ಆದಾಗ ಗ್ಯಾಪಿನ ನಡುವೆ ಹೊಸ ಮೆಟ್ಟಿಲುಗಳು ಹುಟ್ಟಿದ್ದಕ್ಕೆ ಅದೇ ಸಾಕ್ಷಿ. ನಾವು ಬಾಯಿಪಾಠ ಮಾಡಿದ ‘ಮೆಕ್ಯಾನಿಸಂ’ ಕಣ್ಣೆದುರೇ ಹಸಿರಾಗುತ್ತೆ ಅಂತ ಆಗ ಗೊತ್ತಿದ್ದರೆ!

ಕಿಟಕಿ ಪಕ್ಕದ ಸ್ಲೈಡು

ಪ್ರಾಜೆಕ್ಟ್ ಮುಗಿದ ಮೇಲೆ ಒಂದು ಸ್ಲೈಡನ್ನು ಲ್ಯಾಬಿನ ಕಿಟಕಿ ಪಕ್ಕ ಮರೆತು ಬಂದಿದ್ದೆವು. ಕೆಲವು ವಾರ ಬಿಟ್ಟು ನೋಡಿದರೆ ನೇರಳೆ ಬಹಳಷ್ಟು ಮಾಸಿತ್ತು. ಮೆಷಿನ್‌ನಲ್ಲಿ ಇಟ್ಟರೆ ಗುಡ್ಡ ತಗ್ಗಿತ್ತು. ಬಿಸಿಲು ಮತ್ತು ಆಮ್ಲಜನಕ ಸೇರಿ ಡಬಲ್ ಬಾಂಡುಗಳ ಸಾಲನ್ನು ಅಲ್ಲಲ್ಲಿ ಕಡಿದುಹಾಕುತ್ತವೆ. ಈ ಸಲ ಕ್ಲೋರೋಫಾರ್ಮ್ ಹಾಕಿದರೂ ಹೋದ ಬಣ್ಣ ವಾಪಸ್ ಬರಲ್ಲ, ಯಾಕಂದ್ರೆ ಇದು ನಿಜವಾದ ರಿಯಾಕ್ಷನ್. ಮನೆ ಮೇಲಿನ ಸಿಲಿಕಾನ್ ಪ್ಯಾನೆಲ್ ಇಪ್ಪತ್ತು ವರ್ಷ ಬಾಳುತ್ತದೆ. ಪ್ಲಾಸ್ಟಿಕ್ ಸೋಲಾರ್ ಅದರ ಪಕ್ಕ ನಿಲ್ಲಬೇಕಾದರೆ ಗಾಳಿ ತಾಗದ ಹಾಗೆ ಮುಚ್ಚಬೇಕು, ಇಲ್ಲಾ ಬಿಸಿಲಿಗೆ ಬಗ್ಗದ ಅಣು ಬೇಕು. ಇದು ಇನ್ನೂ ಪೂರ್ತಿ ಬಿಡಿಸದ ಲೆಕ್ಕ, ನಮ್ಮಂಥವರಿಗೂ ಇದರಲ್ಲಿ ಕೆಲಸ ಇದೆ.

ಪಿ3ಎಚ್‌ಟಿ ಎಲ್ಲರ ಕೈಗೆ ಸಿಗಲ್ಲ, ಆದರೆ ಅರಿಶಿನ ಸಿಗುತ್ತಲ್ಲ. ಅದರ ಕರ್ಕ್ಯುಮಿನ್ ಕೂಡ ಕಾಂಜುಗೇಟೆಡ್ ಅಣುವೇ. ಒಂದು ಚಿಟಿಕೆ ಅರಿಶಿನವನ್ನು ಸ್ವಲ್ಪ ಹ್ಯಾಂಡ್ ಸ್ಯಾನಿಟೈಸರಿಗೆ ಕಲಸಿ, ಕತ್ತಲೆ ಕೋಣೆಯಲ್ಲಿ ನೋಟು ಚೆಕ್ ಮಾಡುವ ಯುವಿ ಟಾರ್ಚ್ ಹಿಡಿದು ನೋಡಿ, ಹಸಿರು-ಹಳದಿಯಾಗಿ ಬೆಳಗುತ್ತದೆ. ಕಣ್ಣಿಗೆ ಮಾತ್ರ ಟಾರ್ಚ್ ಬಿಡಬೇಡಿ. ಆಮೇಲೆ ಒಂದೆರಡು ಹನಿ ಸುಣ್ಣದ ತಿಳಿನೀರು ಹಾಕಿ. ಅರಿಶಿನ ಯಾಕೆ ಕೆಂಪಾಯ್ತು ಅನ್ನೋದನ್ನು ನೀವೇ ಯೋಚಿಸಿ, ಮುಂದಿನ ಸಂಚಿಕೆಗೆ ಬರೆದು ಕಳಿಸಿ.

ನಮ್ಮ ರಿಪೋರ್ಟಿನಲ್ಲಿ ಈಗ ಎರಡು ಗ್ರಾಫ್‌ಗಳಿವೆ: ಉಬ್ಬುಗಳಿರುವ ಮೂಲ ಗ್ರಾಫ್ ಒಂದು, ಇಸ್ತ್ರಿ ಹಾಕಿದ್ದು ಇನ್ನೊಂದು. ಎರಡನೆಯದರ ಕೆಳಗೆ ‘ಹೀಗೆ ಮಾಡಬಾರದು’ ಅಂತ ನಾವೇ ಬರೆದಿದ್ದೇವೆ.